ಎದುರಿನವರು ಬಾರದ ಆಟ

2011ರ ಡಿಸೆಂಬರ್ 28, ಬುಧವಾರ. ಗ್ಲಾಸ್ಗೋದ ಪೂರ್ವ ಭಾಗದ ಲಂಡನ್ ರೋಡಿನಲ್ಲಿ ಒಂದು ಪುಟ್ಟ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ನಿಂತು ನಾನು ಬೆಳಗಿನಿಂದ ರೋಲ್ ಸೀಳುತ್ತಿದ್ದೆ. ಮೆತ್ತಗಿನ ಬನ್ನಿನಂಥ ರೋಲನ್ನು ಸೀಳಿ, ಬೆಣ್ಣೆ ಸವರಿ, ಚೌಕಾಕಾರದ ಸಾಸೇಜ್ ಇಟ್ಟು ಕಾಗದದಲ್ಲಿ ಸುತ್ತುವುದು. ದಿನವೂ ನಾಲ್ಕು ಡಜನ್ ಹೋದರೆ ಹೆಚ್ಚು. ಅವತ್ತು ಅಂಕಲ್‌ಜಿ ಮೂವತ್ತು ಡಜನ್ ತರಿಸಿದ್ದರು.

ನಾನು ಪಿಎಚ್‌ಡಿಗೆಂದು ಹೋಗಿ ಮೂರು ತಿಂಗಳಾಗಿತ್ತು. ವಿದ್ಯಾರ್ಥಿವೇತನ ಫೀಸಿಗೆ ಸರಿಹೋಗುತ್ತಿತ್ತು, ಹೊಟ್ಟೆಗಲ್ಲ. ವಿದ್ಯಾರ್ಥಿ ವೀಸಾದಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದಿತ್ತು. ಗಂಟೆಗೆ 6 ಪೌಂಡ್ 8 ಪೆನ್ಸ್, ಕಾನೂನು ಹೇಳಿದ ಕನಿಷ್ಠ ಕೂಲಿ. ಅಂಗಡಿಯಿಂದ ಐದು ನಿಮಿಷ ನಡೆದರೆ ಸೆಲ್ಟಿಕ್ ಪಾರ್ಕ್, ಅರವತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣ. ಅಂದು ರಾತ್ರಿ ಸೆಲ್ಟಿಕ್ ಮತ್ತು ರೇಂಜರ್ಸ್ ಆಟ.

“ಪುತ್ತರ್, ಇವತ್ತು ಒಂದು ದಿನ ಅಂಗಡಿ ನಡೆದರೆ ಜನವರಿ ತಿಂಗಳ ಕರೆಂಟ್ ಬಿಲ್ ಬಂದ ಹಾಗೆ” ಎಂದಿದ್ದರು ಅಂಕಲ್‌ಜಿ. ಅವರು ಪಂಜಾಬಿಗಳು, ಆದರೆ ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಪೇಟದ ಬಣ್ಣ ಆಟದ ದಿನ ಹಸಿರು. ರೇಂಜರ್ಸ್ ಎಂಬ ಹೆಸರನ್ನು ಅವರು ಬಾಯಿಂದ ಆಡುತ್ತಿರಲಿಲ್ಲ, “ಆ ಕಡೆಯವರು” ಎನ್ನುತ್ತಿದ್ದರು.

ನನಗೆ ಇದು ಅರ್ಥವಾಗಲು ಬಹಳ ದಿನ ಬೇಕಾಗಲಿಲ್ಲ. ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಜೋಡಾಟ ಎಂಬುದುಂಟು. ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ ಕಟ್ಟಿ, ಎರಡು ಯಕ್ಷಗಾನ ಮೇಳಗಳು ಒಂದೇ ರಾತ್ರಿ ಪೈಪೋಟಿಗೆ ಬಿದ್ದು ಕುಣಿಯುವುದು. ನಮ್ಮ ಸೋದರಮಾವ ಜೋಡಾಟದ ರಾತ್ರಿ ಚಾ, ಗೋಳಿಬಜೆಯ ಅಂಗಡಿ ಇಡುತ್ತಿದ್ದರು. ಒಂದೇ ಮೇಳದ ಆಟವಾದರೆ ಅವರು ಮನೆಯಲ್ಲಿ ಮಲಗುತ್ತಿದ್ದರು. ಎಣ್ಣೆಯ ಖರ್ಚೂ ಹುಟ್ಟುವುದಿಲ್ಲ ಎಂಬುದು ಅವರ ಲೆಕ್ಕ.

ಸೆಲ್ಟಿಕ್ ಐರ್ಲೆಂಡಿನಿಂದ ಬಂದ ಕ್ಯಾಥಲಿಕ್ ಬಡವರ ನಡುವೆ ಹುಟ್ಟಿದ ಕ್ಲಬ್, ರೇಂಜರ್ಸ್ ಪ್ರೊಟೆಸ್ಟೆಂಟರ ಹೆಮ್ಮೆ. ಇಬ್ಬರನ್ನೂ ಸೇರಿಸಿ ಕರೆಯುವ ಹೆಸರು ಓಲ್ಡ್ ಫರ್ಮ್. ಹೆಸರೇ ಜವಳಿ ಅಂಗಡಿಯ ಬೋರ್ಡಿನಂತಿದೆ. ಆ ವರ್ಷ ಎರಡೂ ತಂಡಗಳ ಅಂಗಿಯ ಮೇಲೆ ಇದ್ದದ್ದು ಒಂದೇ ಬಿಯರಿನ ಹೆಸರು, ಟೆನೆಂಟ್ಸ್. ಅದಕ್ಕೂ ಮೊದಲು ಇಬ್ಬರಿಗೂ ಕಾರ್ಲಿಂಗ್. ಒಬ್ಬರಿಗಷ್ಟೇ ಹಣ ಕೊಟ್ಟರೆ ಊರಿನ ಅರ್ಧ ಜನ ಆ ಬಿಯರ್ ಮುಟ್ಟುವುದಿಲ್ಲ. ದ್ವೇಷದ ಎರಡೂ ದಡಗಳನ್ನು ಒಂದೇ ಬಿಲ್ಲಿನಲ್ಲಿ ಕೊಂಡುಕೊಳ್ಳುವ ಈ ಜಾಣತನ ಕಂಡು ನನಗೆ ನಗು ಬಂದಿತ್ತು.

ಸೆಲ್ಟಿಕ್ 1-0 ಗೆದ್ದಿತು. ಮೂವತ್ತು ಡಜನ್ ರೋಲ್ ಆಟ ಶುರುವಾಗುವ ಮೊದಲೇ ಖಾಲಿ.

ಮುಂದೆ ಆರೇಳು ವಾರಕ್ಕೆ, 2012ರ ಫೆಬ್ರವರಿ 14ರಂದು, ರೇಂಜರ್ಸ್ ದಿವಾಳಿಯ ಬಾಗಿಲಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು. ಹಿಂದಿನ ವರ್ಷ ಕ್ರೇಗ್ ವೈಟ್ ಎಂಬುವರು ಆ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡಿದ್ದರು, ಸಾಲದ ಹೊರೆ ತಾನು ಹೊರುವೆನೆಂದು. ನೌಕರರ ಸಂಬಳದಿಂದ ಹಿಡಿದ ತೆರಿಗೆಯನ್ನೂ ಸರ್ಕಾರಕ್ಕೆ ಕಟ್ಟಿರಲಿಲ್ಲ. ಸಾಲಗಾರರ ಪಟ್ಟಿ ಹೊರಬಿದ್ದಾಗ ಅದರಲ್ಲಿ ತೆರಿಗೆ ಇಲಾಖೆ, ಬೇರೆ ಕ್ಲಬ್‌ಗಳು, ಆಂಬುಲೆನ್ಸ್ ಸೇವೆ, ಮಕ್ಕಳ ಮುಖಕ್ಕೆ ಬಣ್ಣ ಬಳಿಯುವ ಕಲಾವಿದೆ, ಎಲ್ಲರೂ ಇದ್ದರು. ಅಂಕಲ್‌ಜಿ ಪತ್ರಿಕೆಯಲ್ಲಿ ಆ ಪಟ್ಟಿ ಓದುತ್ತಾ ಮುಖಕ್ಕೆ ಬಣ್ಣ ಬಳಿಯುವವಳ ಹತ್ತಿರ ಬಂದಾಗ ಮಾತ್ರ ನಗು ನಿಲ್ಲಿಸಿದರು. ಸಣ್ಣ ಬಾಕಿ ಬರದಿದ್ದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಜೂನಿನಲ್ಲಿ ಸಾಲ ತೀರಿಸುವ ಒಪ್ಪಂದವನ್ನು ತೆರಿಗೆ ಇಲಾಖೆ ತಳ್ಳಿಹಾಕಿತು. ಹಳೆಯ ಕಂಪನಿ ಮುಗಿಯಿತು. ಕ್ಲಬ್ಬಿನ ಆಸ್ತಿಯನ್ನು ಬೇರೆಯವರು 55 ಲಕ್ಷ ಪೌಂಡಿಗೆ ಕೊಂಡು, ಹೊಸ ಕಂಪನಿಯನ್ನು ಮೊದಲ ದರ್ಜೆಯ ಲೀಗಿಗೆ ಸೇರಿಸಿಕೊಳ್ಳಿ ಎಂದು ಕೇಳಿದರು. ಸೆಲ್ಟಿಕ್ ಅಭಿಮಾನಿಗಳು ಬೀದಿಯಲ್ಲೇ ಜೆಲ್ಲಿ, ಐಸ್‌ಕ್ರೀಂ ತಿಂದರು, ಹುಟ್ಟುಹಬ್ಬದ ಮಕ್ಕಳ ಹಾಗೆ. ಅಂಕಲ್‌ಜಿ ಕೂಡ ಒಂದು ಟ್ರೇ ಜೆಲ್ಲಿ ಮಾಡಿ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟು ಬಂದವರಿಗೆಲ್ಲ ಪುಕ್ಕಟೆ ಹಂಚಿದರು.

ಮತ ಹಾಕಬೇಕಾದವರು ಉಳಿದ ಕ್ಲಬ್‌ಗಳು. ಅಲ್ಲಿತ್ತು ಇಕ್ಕಟ್ಟು. ಟಿವಿಯವರ ಒಪ್ಪಂದ ನಿಂತದ್ದೇ ವರ್ಷಕ್ಕೆ ನಾಲ್ಕು ಓಲ್ಡ್ ಫರ್ಮ್ ಪಂದ್ಯಗಳ ಮೇಲೆ. ರೇಂಜರ್ಸ್ ಹೋದರೆ ಟಿವಿ ಹಣ ಇಳಿಯುತ್ತದೆ, ಅದು ಹನ್ನೆರಡೂ ಕ್ಲಬ್‌ಗಳಿಗೆ ಹಂಚಿಕೆಯಾಗುವ ಹಣ. ಜತೆಗೆ ಪ್ರತಿ ಊರಿಗೂ ವರ್ಷದಲ್ಲಿ ಒಂದೆರಡು ಸಲ ಬಸ್ಸುಗಟ್ಟಲೆ ಬಂದು ಟಿಕೆಟ್ ಕೊಳ್ಳುವ ರೇಂಜರ್ಸ್ ಜನ ಬರುವುದಿಲ್ಲ. ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥರು ಇಡೀ ಆಟವೇ ನಿಧಾನವಾಗಿ ಸಾಯುತ್ತದೆ ಎಂದು ಹೆದರಿಸಿದರು. ಅತ್ತ ಅಬರ್ಡೀನ್, ಡಂಡೀಗಳಲ್ಲಿ ಸಾಮಾನ್ಯ ಅಭಿಮಾನಿಗಳು ತಮ್ಮ ಕ್ಲಬ್‌ಗಳಿಗೆ ಹೇಳಿದ್ದು ಇಷ್ಟೇ: ನೀವು ಅವರನ್ನು ಸೇರಿಸಿಕೊಂಡರೆ ಈ ವರ್ಷದ ಸೀಸನ್ ಟಿಕೆಟ್ ನಾವು ಕೊಳ್ಳುವುದಿಲ್ಲ.

ಎದುರಿನವನಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡವನ ಗಾದೆ ನಮ್ಮಲ್ಲಿದೆಯಲ್ಲ, ನನಗೆ ಮೊದಲು ಹೊಳೆದದ್ದು ಅದೇ. ಈಗ ಹಾಗೆ ಅನ್ನಿಸುವುದಿಲ್ಲ. ತೆರಿಗೆ ಕಟ್ಟದವನು ಆರಾಮಾಗಿ ಅದೇ ಪಂಕ್ತಿಯಲ್ಲಿ ಕೂತು ಉಣ್ಣುವುದಾದರೆ ಕಟ್ಟಿದವನು ಮೂರ್ಖನಾಗುತ್ತಾನೆ. ಆ ಜನ ನಷ್ಟ ಗೊತ್ತಿದ್ದೇ ಕೇಳಿದ್ದರು. ಜುಲೈ 4ರಂದು ಹತ್ತು ಕ್ಲಬ್‌ಗಳು ಬೇಡ ಎಂದವು, ಕಿಲ್ಮಾರ್ನಾಕ್ ತಟಸ್ಥವಾಯಿತು, ಪರವಾಗಿ ಬಿದ್ದದ್ದು ರೇಂಜರ್ಸಿನದೇ ಹಳೆಯ ಕಂಪನಿಯ ಒಂದು ಮತ. ಒಂಬತ್ತು ದಿನದ ನಂತರ ಕೆಳಗಿನ ಲೀಗಿನ 30 ಕ್ಲಬ್‌ಗಳಲ್ಲಿ 25, ಅವರು ಕಟ್ಟಕಡೆಯ ದರ್ಜೆಯಿಂದಲೇ ಮೇಲೆ ಹತ್ತಿ ಬರಲಿ ಎಂದು ತೀರ್ಮಾನಿಸಿದವು.

ಲಾಭ ಮೊದಲು ಹೋದದ್ದು ಯಾರೂ ನೆನೆಸದ ಕಡೆಗೆ. ಕೆಲವು ನೂರು ಜನರೆದುರು ಆಡುತ್ತಿದ್ದ ಪುಟ್ಟ ಕ್ಲಬ್‌ಗಳಿಗೆ ಒಮ್ಮೆಲೇ ಜಾತ್ರೆ ಬಂತು. ಐಬ್ರಾಕ್ಸಿನಲ್ಲಿ ನಾಲ್ಕನೇ ದರ್ಜೆಯ ಪಂದ್ಯಕ್ಕೆ, ಈಸ್ಟ್ ಸ್ಟರ್ಲಿಂಗ್‌ಶೈರ್ ವಿರುದ್ಧ, 49,118 ಜನ ಸೇರಿದರು. ಉತ್ತರದ ಎಲ್ಗಿನ್ ಸಿಟಿಯವರಂತೂ ಆಸೆ ತಡೆಯಲಾರದೆ ಕ್ರೀಡಾಂಗಣ ಹಿಡಿಸುವುದಕ್ಕಿಂತ ಹೆಚ್ಚು ಟಿಕೆಟ್ ಮಾರಿಬಿಟ್ಟರು. ಪಂದ್ಯ ಮುಂದಕ್ಕೆ ಹೋಯಿತು, ದಂಡವೂ ಬಿತ್ತು.

ನಮ್ಮ ಬೀದಿಯಲ್ಲಿ ಮೊದಲ ವರ್ಷ ಏನೂ ತಿಳಿಯಲಿಲ್ಲ. ನವೆಂಬರಿನಲ್ಲಿ ಬಾರ್ಸಿಲೋನಾ ತಂಡವನ್ನು ಸೆಲ್ಟಿಕ್ 2-1ರಿಂದ ಸೋಲಿಸಿದ ರಾತ್ರಿ ಅಂಕಲ್‌ಜಿ ಅಂಗಡಿಯ ಶಟರ್ ಅರ್ಧ ಎಳೆದು ಕುಣಿದರು. ಚಾಂಪಿಯನ್ಸ್ ಲೀಗಿನ ಹಣದಿಂದ ಆ ವರ್ಷ ಕ್ಲಬ್ಬಿನ ಆದಾಯ 7.5 ಕೋಟಿ ಪೌಂಡ್ ದಾಟಿತು. ಅವರಿಲ್ಲದೆ ನಮಗೇನು ಕಡಿಮೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಆದರೆ ಕ್ಲಬ್ಬಿನ ಲೆಕ್ಕ ಬೇರೆ, ಅಂಗಡಿಯ ಲೆಕ್ಕ ಬೇರೆ. ಸೀಸನ್ ಟಿಕೆಟ್ಟಿನ ಹಣ ಬೇಸಿಗೆಯಲ್ಲೇ ಕ್ಲಬ್ಬಿಗೆ ಬಂದಿರುತ್ತದೆ. ಕೊಂಡವನು ಆಟಕ್ಕೆ ಬಾರದಿದ್ದರೂ ಪ್ರಕಟಿಸುವ ಹಾಜರಿಯಲ್ಲಿ ಅವನ ತಲೆ ಎಣಿಕೆಯಾಗುತ್ತದೆ. ಪತ್ರಿಕೆ ನಲವತ್ತು ಚಿಲ್ಲರೆ ಸಾವಿರ ಎನ್ನುತ್ತಿತ್ತು, ನಮ್ಮ ಬಾಗಿಲ ಮುಂದೆ ಹಾದುಹೋಗುವವರು ಅಷ್ಟಿರಲಿಲ್ಲ. ಬಾರದ ಮನುಷ್ಯ ಟಿಕೆಟ್ಟಿಗೆ ದುಡ್ಡು ಕೊಟ್ಟಿರುತ್ತಾನೆ, ರೋಲ್ ಕೊಳ್ಳುವುದಿಲ್ಲ. ಕ್ಲಬ್ಬಿಗೆ ಮುಂದಿನ ವರ್ಷ ಟಿಕೆಟ್ ನವೀಕರಿಸುವಾಗ ತಿಳಿಯುವ ನಷ್ಟ ನಮಗೆ ಅದೇ ಶನಿವಾರ ಸಂಜೆ, ಉಳಿದ ರೋಲ್‌ಗಳ ಲೆಕ್ಕದಲ್ಲಿ ತಿಳಿಯುತ್ತಿತ್ತು.

ಈ ನಡುವೆ ಒಂದು ತಮಾಷೆಯೂ ನಡೆಯಿತು. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಹ್ಯಾಂಪ್ಡನ್ ಕ್ರೀಡಾಂಗಣವನ್ನು ಸಜ್ಜುಗೊಳಿಸುತ್ತಿದ್ದುದರಿಂದ 2014ರ ಎರಡು ಕಪ್ ಫೈನಲ್‌ಗಳು ಸೆಲ್ಟಿಕ್ ಪಾರ್ಕಿಗೆ ಬಂದವು. ಎರಡರಲ್ಲೂ ಸೆಲ್ಟಿಕ್ ಇರಲಿಲ್ಲ. ಮಾರ್ಚಿನಲ್ಲಿ ಅಬರ್ಡೀನಿನಿಂದ ಕೆಂಪು ಬಟ್ಟೆಯ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಅವರಿಗೆ ಕಪ್ ಸಿಕ್ಕಿ 19 ವರ್ಷವಾಗಿತ್ತು. ಮೇ ತಿಂಗಳಲ್ಲಿ ಸೇಂಟ್ ಜಾನ್‌ಸ್ಟನ್, 1884ರಲ್ಲಿ ಹುಟ್ಟಿದ ಕ್ಲಬ್, ಮೊಟ್ಟಮೊದಲ ದೊಡ್ಡ ಕಪ್ ಗೆದ್ದಿತು. ಮೊಮ್ಮಗನ ಕೈಹಿಡಿದು ಬಂದ ಒಬ್ಬ ಮುದುಕ ಎರಡು ರೋಲ್ ಕೊಂಡು, ಚಿಲ್ಲರೆ ವಾಪಸ್ ಬೇಡ ಎಂದು ಹೋದ. ನಿಧಾನ ಸಾವಿನ ಭವಿಷ್ಯ ನುಡಿದಿದ್ದವರು ಆ ದಿನ ನಮ್ಮ ಕೌಂಟರಿನ ಹಿಂದೆ ನಿಲ್ಲಬೇಕಿತ್ತು. ಆದರೆ ಫೈನಲ್ ದಿನವೂ ಬರುವುದಿಲ್ಲ.

ಆ ಆಗಸ್ಟಿನಲ್ಲಿ ಸೆಲ್ಟಿಕ್ ಸ್ಲೊವೇನಿಯಾದ ಮಾರಿಬೋರ್ ತಂಡಕ್ಕೆ ಸೋತು ಚಾಂಪಿಯನ್ಸ್ ಲೀಗಿನಿಂದ ಹೊರಬಿದ್ದಿತು. ಊರಲ್ಲಿ ಪೈಪೋಟಿ ಇಲ್ಲದೆ ತಂಡದ ಅಲಗು ಮೊಂಡಾಯಿತು ಎಂದು ಗಿರಾಕಿಗಳು ಗೊಣಗುತ್ತಿದ್ದರು, ಅದನ್ನು ನಾನು ಪೂರ್ತಿ ಒಪ್ಪಲಾರೆ. ಕಣ್ಣಿಗೆ ಕಂಡದ್ದು ಮಾತ್ರ ಹೇಳುತ್ತೇನೆ. ಅಕ್ಟೋಬರಿನಲ್ಲಿ ಅಂಕಲ್‌ಜಿ ಖಾತೆ ಪುಸ್ತಕ ಮುಚ್ಚಿ, ನನ್ನ ಮುಖ ನೋಡದೆ, “ಪುತ್ತರ್, ಇನ್ನು ಶನಿವಾರ ಮಾತ್ರ ಬಾ” ಎಂದರು. ನನಗೆ ವಾರಕ್ಕೆ ಐವತ್ತು ಪೌಂಡಿಗಿಂತ ಹೆಚ್ಚು ಕಡಿಮೆಯಾಯಿತು. ಥೀಸಿಸ್ ಬರೆಯುವ ಕಾಲ. ಕೋಣೆಯ ಹೀಟರ್ ಆರಿಸಿ ಕೋಟು ಹಾಕಿಕೊಂಡೇ ಬರೆದೆ.

ಆ ಚಳಿಗಾಲದಲ್ಲಿ ಒಂದು ಸಂಜೆ, ಹತ್ತಿರದ ಆಸ್ಪತ್ರೆಯ ನರ್ಸ್ ಒಬ್ಬಾಕೆ ಹಾಲು ಕೊಳ್ಳಲು ಬಂದಾಗ ಅಂಕಲ್‌ಜಿ ಅದೇ ರಾಗ ತೆಗೆದರು, ಡರ್ಬಿ ಇಲ್ಲದೆ ವ್ಯಾಪಾರ ಸತ್ತಿತು ಎಂದು. ಆಕೆ ನಾಣ್ಯ ಎಣಿಸುತ್ತಲೇ ಹೇಳಿದಳು: “ನಿಮ್ಮ ಡರ್ಬಿ ಮುಗಿದ ರಾತ್ರಿ ನಮ್ಮಲ್ಲಿಗೆ ಬರುವವರು ಆಟ ನೋಡಿದವರಲ್ಲ, ಅವರ ಹೆಂಡಂದಿರು.” ಆ ಪಂದ್ಯಗಳ ದಿನ ಮನೆಯೊಳಗಿನ ಹೊಡೆತದ ದೂರು ಹೆಚ್ಚುತ್ತದೆ ಎಂದು ಪೊಲೀಸರೂ ಹೇಳುತ್ತಿದ್ದರು. ಅದನ್ನು ನಾನು ಓದಿದ್ದೆ, ನನ್ನ ಕರೆಂಟ್ ಬಿಲ್ಲಿನ ಪಕ್ಕ ಇಟ್ಟು ನೋಡಿರಲಿಲ್ಲ. ಆಕೆ ಹೋದ ಮೇಲೆ ಅಂಕಲ್‌ಜಿ ಬಹಳ ಹೊತ್ತು ಸಿಗರೇಟ್ ಪೊಟ್ಟಣಗಳನ್ನು ಸಾಲಾಗಿ ಜೋಡಿಸುತ್ತಿದ್ದರು, ಅವು ಸಾಲಾಗಿಯೇ ಇದ್ದವು.

2015ರಲ್ಲಿ ನಾನು ಊರಿಗೆ ಮರಳಿದೆ. ಮರುವರ್ಷ ರೇಂಜರ್ಸ್ ಮೊದಲ ದರ್ಜೆಗೆ ಹತ್ತಿ ಬಂದಿತು. 2016ರ ಸೆಪ್ಟೆಂಬರ್ 10, ಶನಿವಾರ. ನಾಲ್ಕು ವರ್ಷದ ನಂತರದ ಮೊದಲ ಲೀಗ್ ಡರ್ಬಿಯಲ್ಲಿ ಸೆಲ್ಟಿಕ್ 5-1ರಿಂದ ಗೆದ್ದಿತು. ಕುಂದಾಪುರದಲ್ಲಿ ಮಳೆ ಸುರಿಯುತ್ತಿತ್ತು. ಅಭಿನಂದನೆ ಹೇಳೋಣವೆಂದು ಅಂಕಲ್‌ಜಿಗೆ ಫೋನ್ ಮಾಡಿದೆ. ಅವರ ಹಿಂದೆ ಬೀದಿಯೆಲ್ಲ ಹಾಡುತ್ತಿತ್ತು.

“ಐದು ಗೋಲಂತೆ, ಒಂದೂ ನೋಡಲಿಲ್ಲ” ಎಂದರು. “ನಲವತ್ತು ಡಜನ್ ತರಿಸಿದ್ದೆ, ಹತ್ತೂವರೆಗೆ ಮುಗಿಯಿತು. ಸೀಳುವುದಕ್ಕೆ ಯಾರೂ ಇರಲಿಲ್ಲ ಪುತ್ತರ್, ಬೆರಳು ಕೊಯ್ದುಕೊಂಡೆ.” ಬೇಗ ಬಾಗಿಲು ಹಾಕುತ್ತಿದ್ದೇನೆ ಎಂದೂ ಹೇಳಿದರು. ಯಾಕೆ, ರಾತ್ರಿಯೂ ವ್ಯಾಪಾರ ಆಗುತ್ತದಲ್ಲ ಎಂದೆ. ಅವರು ಸ್ವಲ್ಪ ತಡೆದು, “ರಾತ್ರಿ ಬೇಡ” ಎಂದರು.