ಡಬ್ಬಗಳಲ್ಲಿ ಬಂದ ಜಿಟಿಒ

ಬಿಚ್ಚಿದವನೊಬ್ಬ, ಕೂಡಿಸುವವನು ಇನ್ನೊಬ್ಬ. ಹಳೆಯ ಮಸಲ್ ಕಾರುಗಳ ಲೋಕದ ದೊಡ್ಡ ತಾಪತ್ರಯ ಇದೇ. ಯಾರೋ ಹುರುಪಿನಲ್ಲಿ ಕಾರನ್ನು ಕೊನೆಯ ನಟ್ಟಿನವರೆಗೂ ಬಿಚ್ಚುತ್ತಾರೆ. ಆಮೇಲೆ ಮದುವೆ, ಮಗು, ಬೆನ್ನುನೋವು, ಏನೋ ಒಂದು ಅಡ್ಡ ಬರುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದು, ಕೊನೆಗೊಂದು ದಿನ ಅದು ತುಕ್ಕು ಹಿಡಿದ ಬಾಡಿ, ಒಂದು ಚಾಸಿಸ್ಸು ಮತ್ತು ಕಾಫಿ ಡಬ್ಬಗಳ ತುಂಬ ಬೋಲ್ಟುಗಳಾಗಿ ಬಿಕರಿಗೆ ಬರುತ್ತದೆ.

ಮಂಡ್ಯದ ಕಡೆಯಿಂದ ಹೋಗಿ ಡೆಟ್ರಾಯಿಟ್‌ನ ಕಾರು ಉದ್ಯಮದಲ್ಲಿ ದುಡಿದು ನಿವೃತ್ತರಾದ ಎಂಜಿನಿಯರೊಬ್ಬರು ಇಂಥ ಕಾರುಗಳನ್ನು 1980ರ ದಶಕದಿಂದಲೂ ಹತ್ತಿರದಿಂದ ಬಲ್ಲರು. ಮೊದಲು ಕಂಡದ್ದು ಪಕ್ಕದ ಮನೆಯ ಗ್ಯಾರೇಜಿನಲ್ಲಿ: 1964ರ ಪಾಂಟಿಯಾಕ್ ಜಿಟಿಒ, ಬಾಡಿ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ. ಕೊಂಡವರು ಕಾರ್ಖಾನೆಯ ಫೋರ್‌ಮನ್ ಆಗಿದ್ದವರು. ಎಂಜಿನಿಯರು ಸ್ಪ್ಯಾನರ್ ಎತ್ತಿಕೊಡುತ್ತ, ಟಾರ್ಚ್ ಹಿಡಿಯುತ್ತ ಕಲಿತರು. ಅಂದು ಕಂಡ ಕಸುಬಿಗೂ ಇಂದಿನದಕ್ಕೂ ಹೆಸರು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ ಎಂಬುದು ಅವರ ಮಾತು.

ಮಸಲ್ ಕಾರಿನ ಸೂತ್ರ ಸರಳ: ಮಧ್ಯಮ ಗಾತ್ರದ ಬಾಡಿಯೊಳಗೆ ದೊಡ್ಡ ಕಾರಿನ ಎಂಜಿನ್. ಆದರೆ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸ್‌ನಲ್ಲಿ ಕಟ್ಟಳೆಯಿತ್ತು. ಕಂಪನಿ ಚಾಪೆ ಕೆಳಗೆ ತೂರಿದರೆ ಪಾಂಟಿಯಾಕ್‌ನ ಜಾನ್ ಡಿಲೋರಿಯನ್ ಬಳಗ ರಂಗೋಲಿ ಕೆಳಗೆ ತೂರಿತು. ಹೊಸ ಮಾದರಿ ಎನ್ನದೆ, ಟೆಂಪೆಸ್ಟ್ ಲೆಮಾನ್ಸ್ ಕೊಳ್ಳುವವರು ಬೇಕಿದ್ದರೆ ಹಾಕಿಸಿಕೊಳ್ಳಬಹುದಾದ ಹೆಚ್ಚುವರಿ ಸಾಮಾನು ಎಂಬ ನೆಪದಲ್ಲಿ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಕೂರಿಸಿಬಿಟ್ಟಿತು. ಆ ಮೊದಲ ವರ್ಷವೇ 32,450 ಕಾರು ಖರ್ಚಾದವು. ಈ ಜಾಣತನದ ಬಿಸಿ ಇಂದಿಗೂ ಕಾರು ಕೂಡಿಸುವವರಿಗೆ ತಟ್ಟುತ್ತಿದೆ. ಆ ಮಾತು ಮುಂದೆ ಬರುತ್ತದೆ.

1980ರ ದಶಕದಲ್ಲಿ ಬಿಡಿಭಾಗ ಎಂದರೆ ಗುಜರಿ. ಮಿಶಿಗನ್‌ನಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಾರಿನ ನೆಲ, ಡಿಕ್ಕಿಯ ತಳ, ಹಿಂಚಕ್ರದ ಮೇಲಿನ ತಗಡು ಎಲ್ಲವನ್ನೂ ತಿಂದು ಹಾಕುತ್ತದೆ. ಹಾಗಾಗಿ ಉಪ್ಪು ಕಾಣದ ಅರಿಜೋನಾ ಕಡೆಯ ಬಾಗಿಲಿಗೆ, ಫೆಂಡರಿಗೆ ಭಾರೀ ಗಿರಾಕಿ. ಹೆಮ್ಮಿಂಗ್ಸ್ ಮೋಟಾರ್ ನ್ಯೂಸ್ ಎಂಬ ಮಾಸಪತ್ರಿಕೆಯ ವರ್ಗೀಕೃತ ಜಾಹೀರಾತುಗಳನ್ನು ಬೆರಳಿಟ್ಟು ಓದಬೇಕಿತ್ತು. ಇಲ್ಲವೇ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ 1974ರಿಂದ ನಡೆಯುತ್ತ ಬಂದ ಸಂತೆಗೆ ಹೋಗಿ, ನೆಲದ ಮೇಲೆ ಹರಡಿದ ಕಬ್ಬಿಣದ ರಾಶಿಯಲ್ಲಿ ಹುಡುಕಬೇಕಿತ್ತು.

ಆದರೆ ಆ ಕಾಲಕ್ಕೊಂದು ಅನುಕೂಲವಿತ್ತು. ಡಬ್ಬದೊಳಗಿನ ಬ್ರಾಕೆಟ್ ಎಲ್ಲಿಯದೆಂದು ತಿಳಿಯದಿದ್ದರೆ ಎರಡು ಬೀದಿ ನಡೆದರೆ ಸಾಕು. ಅದೇ ಕಾರನ್ನು ಕೈಯಾರೆ ಜೋಡಿಸಿದವರು ನಿವೃತ್ತರಾಗಿ ಅಲ್ಲೇ ಮನೆಮುಂದೆ ಕೂತಿರುತ್ತಿದ್ದರು. ಒಬ್ಬ ಮುದುಕರು ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಇದು ಎಡಗಡೆಯದು, ಬಾನೆಟ್ ಹಿಂಜಿನ ಕೆಳಗೆ ಬರುತ್ತದೆ ಎಂದು ಹೇಳಿ ಮತ್ತೆ ಪೇಪರ್ ಓದತೊಡಗಿದ್ದನ್ನು ಎಂಜಿನಿಯರು ಮರೆತಿಲ್ಲ. ಈಗ ಆ ಕುರ್ಚಿಗಳಲ್ಲಿ ಕೂರುವವರಿಲ್ಲ. ಪಾಂಟಿಯಾಕ್ ಹೆಸರಿನ ಕಾರು ಕೂಡ 2010ಕ್ಕೆ ನಿಂತುಹೋಯಿತು.

ಇಂದು ಬಿಡಿಭಾಗಕ್ಕೆ ಬರವಿಲ್ಲ. ಡಿಕ್ಕಿಯ ತಳ, ನೆಲದ ತಗಡು, ಸೀಟಿನ ಹೊದಿಕೆ ಎಲ್ಲ ಹೊಸದಾಗಿ ತಯಾರಾಗಿ ಪಾರ್ಸೆಲ್‌ನಲ್ಲಿ ಬರುತ್ತವೆ. 1969ರ ಕಮಾರೋ ಬೇಕೆಂದರೆ ಇಡೀ ಉಕ್ಕಿನ ಬಾಡಿಯೇ ಹೊಸದು ಸಿಗುತ್ತದೆ. ಜಿಟಿಒಗೆ ಅಂದು ಹಾಕುತ್ತಿದ್ದ ಕೆಂಪು ಗೆರೆಯ ಟೈರನ್ನೂ ಮತ್ತೆ ತಯಾರಿಸುತ್ತಾರೆ. ಹೊಸ ತಗಡು ಹಳೆಯ ಜಾಗಕ್ಕೆ ಸಲೀಸಾಗಿ ಕೂತರೆ ಅದು ಪುಣ್ಯ. ಸಾಮಾನ್ಯವಾಗಿ ಬಡಿದು ಬಗ್ಗಿಸಿಯೇ ಕೂರಿಸಬೇಕು.

ಕಷ್ಟ ಈಗ ಕಬ್ಬಿಣದ್ದಲ್ಲ, ಕಾಗದದ್ದು. ಹೆಚ್ಚುವರಿ ಸಾಮಾನು ಎಂಬ ನೆಪದಲ್ಲಿ ಹುಟ್ಟಿದ ಕಾರಣ 1964 ಮತ್ತು 1965ರ ಜಿಟಿಒಗಳಿಗೆ ಕಾರ್ಖಾನೆ ಕೊಟ್ಟ ಗುರುತಿನ ಸಂಖ್ಯೆಯಲ್ಲಿ (ವಿಐಎನ್) ಜಿಟಿಒ ಎಂಬ ಗುರುತೇ ಇಲ್ಲ, ಸಂಖ್ಯೆ ಲೆಮಾನ್ಸ್‌ನದು. 1966ರಲ್ಲಿ ಅದು ಸ್ವತಂತ್ರ ಮಾದರಿಯಾದ ಮೇಲಷ್ಟೇ ಸಂಖ್ಯೆಯಲ್ಲಿ ಕಾಣಿಸಿತು. ಹೀಗಾಗಿ ಸಾಮಾನ್ಯ ಲೆಮಾನ್ಸ್‌ಗೆ ಬಿಲ್ಲೆ, ಗ್ರಿಲ್ಲು ಅಂಟಿಸಿ ಜಿಟಿಒ ಎಂದು ಮಾರುವುದು ಸುಲಭ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆ ಕಾರ್ಖಾನೆಯ ಹಳೆಯ ಬಿಲ್ಲುಗಳ ಪ್ರತಿ ಕೊಡುತ್ತದೆ. ಆ ಹಾಳೆ ಇದ್ದರೆ ಕಾರು ಅಸಲಿ. ಕ್ರೈಸ್ಲರ್ ಕಾರುಗಳವರ ಪಾಡು ಇನ್ನೂ ತಮಾಷೆ. ಕಾರ್ಖಾನೆಯಲ್ಲಿ ಜೋಡಣೆಗೆ ಬಳಸಿದ ಪಟ್ಟಿಯ ಹಾಳೆ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುವುದುಂಟು. ಹಳೆಯ ಸೀಟನ್ನು ಕಸಕ್ಕೆ ಎಸೆಯುವ ಮೊದಲು ಅದರ ಹೊಟ್ಟೆ ಬಗೆದು ನೋಡುವವರು ಈಗ ಎಷ್ಟೋ ಮಂದಿ.

ಬಣ್ಣದ ಕಥೆ ಬೇರೆ. ಅಂದಿನ ಅಕ್ರಿಲಿಕ್ ಲ್ಯಾಕರನ್ನು ಗ್ಯಾರೇಜಿನಲ್ಲೇ ಹೊಡೆದು, ಉಜ್ಜಿ, ಮತ್ತೆ ಹೊಡೆಯುತ್ತಿದ್ದರು. ಈಗಿನ ಎರಡು ಭಾಗ ಬೆರೆಸುವ ಯುರೆಥೇನ್ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಹೊರಗಿನಿಂದ ಗಾಳಿ ತರುವ ಮುಖವಾಡ ಬೇಕು. ಮನೆಯಲ್ಲೇ ಎಲ್ಲ ಮಾಡುತ್ತೇನೆ ಎಂಬ ಹಟದವರೂ ಇಲ್ಲಿ ಕೈಚೆಲ್ಲಿ ಬಾಡಿಯನ್ನು ಪೇಂಟ್ ಶಾಪಿಗೆ ಕಳಿಸುತ್ತಾರೆ. ಅದರಲ್ಲಿ ಅವಮಾನವೇನಿಲ್ಲ.

ಎಣ್ಣೆಯೂ ಬದಲಾಯಿತು. ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆಂದು ಎಂಜಿನ್ ಆಯಿಲ್‌ನಲ್ಲಿ ಜಿಂಕ್ ಸಂಯುಕ್ತ ಕಡಿಮೆ ಮಾಡಿದರು. ಹಳೆಯ ಎಂಜಿನ್ನುಗಳ ಚಪ್ಪಟೆ ಟ್ಯಾಪೆಟ್‌ಗಳಿಗೆ ಆ ಜಿಂಕ್ ಬೇಕೇ ಬೇಕು. ಇದು ತಿಳಿಯದೆ ಹೊಸ ಕ್ಯಾಮ್‌ಶಾಫ್ಟ್ ಹಾಕಿ ಸವೆಸಿಕೊಂಡವರುಂಟು. ಜಿಂಕ್ ಇರುವ ಆಯಿಲ್ ಸುರಿದು, ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಎಂಜಿನ್ನನ್ನು ನಿಮಿಷಕ್ಕೆ 2000 ಸುತ್ತಿಗಿಂತ ಕೆಳಗಿಳಿಸದೆ ಇಪ್ಪತ್ತು ನಿಮಿಷವಾದರೂ ಓಡಿಸಬೇಕು.

ಪಕ್ಕದ ಮನೆಯ ಜಿಟಿಒಗೂ ಈ ಶಾಸ್ತ್ರ ನಡೆಯಿತು. ಮಫ್ಲರ್ ಇನ್ನೂ ಹಾಕಿರಲಿಲ್ಲ. ಎಂಟು ಸಿಲಿಂಡರುಗಳ ಅಬ್ಬರಕ್ಕೆ ಬೀದಿಯ ನಾಯಿಗಳೆಲ್ಲ ಬೊಗಳತೊಡಗಿದವು. ಎದುರು ಮನೆಯಾಕೆ ಬಂದು ಕೈಸನ್ನೆಯಲ್ಲಿ ನಿಲ್ಲಿಸಿ ಎಂದರು. ಫೋರ್‌ಮನ್ ಆಕೆಗೆ ಗಡಿಯಾರ ತೋರಿಸಿ, ಇನ್ನೂ ಹತ್ತು ನಿಮಿಷ ತಾಯಿ ಎಂಬಂತೆ ಕೈಮುಗಿದರು. ಎಂಜಿನಿಯರು ರೇಡಿಯೇಟರಿಗೆ ನೀರಿನ ಪೈಪು ಹಿಡಿದು ನಿಂತೇ ಇದ್ದರು.