ಮಸಿಯ ನಂಟು

ಕೆಲವು ಹವ್ಯಾಸಗಳು ಊರಿಗೆಲ್ಲ ತಿಳಿಯುತ್ತವೆ. ಪಿಟೀಲು ಕಲಿಯಲು ಹೊರಟವನ ಸಂಗತಿ ಮೊದಲ ವಾರದಲ್ಲಿಯೇ ನೆರೆಮನೆಯವರ ನಿದ್ದೆಗೆ ತಿಳಿದುಹೋಗುತ್ತದೆ. ಪಾರಿವಾಳ ಸಾಕುವವನನ್ನು ಅವನ ಮನೆಯ ಮಾಡೇ ತೋರಿಸಿಕೊಡುತ್ತದೆ. ಫೌಂಟನ್ ಪೆನ್ನುಗಳನ್ನೂ ಬಗೆಬಗೆಯ ಮಸಿಗಳನ್ನೂ ಕೂಡಿಸುವವನಾದರೋ ಸದ್ದಿಲ್ಲದ ಪ್ರಾಣಿ. ಅವನನ್ನು ಗುರುತಿಸಬೇಕಾದರೆ ಬಲಗೈಯ ನಡುಬೆರಳನ್ನು ನೋಡಬೇಕು. ಅಲ್ಲಿ, ಉಗುರಿನ ಪಕ್ಕದಲ್ಲಿ, ಎಷ್ಟು ತೊಳೆದರೂ ಹೋಗದ ಒಂದು ನೀಲಿ ಕಲೆ ಇರುತ್ತದೆ. ಭಕ್ತನು ವಿಭೂತಿಯನ್ನು ಧರಿಸುವಷ್ಟೇ ನಿಷ್ಠೆಯಿಂದ ಅವನು ಅದನ್ನು ಧರಿಸಿರುತ್ತಾನೆ.

ಈ ಹವ್ಯಾಸ ಅಂಗಡಿಯಲ್ಲಿ ಆರಂಭವಾಗುವುದಕ್ಕಿಂತ ಮನೆಯ ಹಳೆಯ ಮೇಜಿನ ಡ್ರಾಯರಿನಲ್ಲಿ ಆರಂಭವಾಗುವುದೇ ಮೇಲು. ಅಜ್ಜನ ಕನ್ನಡಕದ ಡಬ್ಬಿ, ತುಕ್ಕು ಹಿಡಿದ ಬೀಗದ ಕೈ, ರಸೀದಿಗಳ ಕಟ್ಟು, ಇವುಗಳ ನಡುವೆ ಒಂದು ಪೆನ್ನು ಬಿದ್ದಿರುತ್ತದೆ. ಬರೆಯಲು ಹೋದರೆ ಕಾಗದವನ್ನು ಗೀರುತ್ತದೆಯೇ ಹೊರತು ಬರೆಯುವುದಿಲ್ಲ. ಕೆಟ್ಟುಹೋಗಿದೆಯೆಂದು ಅದನ್ನು ಎಸೆದುಬಿಡುವವರೇ ಹೆಚ್ಚು. ಅನೇಕ ವೇಳೆ ಅದು ಕೆಟ್ಟಿರುವುದೇ ಇಲ್ಲ; ಮಸಿಯ ನೀರಿನ ಅಂಶ ಆರಿ, ಬಣ್ಣ ಮಾತ್ರ ಒಳಗೆ ಗಟ್ಟಿಯಾಗಿ ಕುಳಿತಿರುತ್ತದೆ. ಒಂದು ಲೋಟ ತಣ್ಣೀರಿನಲ್ಲಿ ನಿಬ್ಬಿನ ಭಾಗವನ್ನು ರಾತ್ರಿಯೆಲ್ಲ ನೆನೆಯಬಿಟ್ಟರೆ ಸಾಕು. ಬಿಸಿನೀರು ಕೂಡದು, ಹಳೆಯ ಎಬೊನೈಟಿನ ಬಣ್ಣ ಅದರಿಂದ ಕೆಡುತ್ತದೆ. ಸ್ಪಿರಿಟ್ಟನ್ನಂತೂ ಸೋಕಿಸಲೇಬಾರದು, ಕೆಲವು ಬಗೆಯ ಪ್ಲಾಸ್ಟಿಕ್ಕು ಅದರಿಂದ ಹಾಳಾಗುತ್ತದೆ. ಸ್ವಲ್ಪ ಹೊತ್ತಿಗೆ ನಿಬ್ಬಿನ ಸೀಳಿನಿಂದ ಒಂದು ನೀಲಿ ಎಳೆ ಹೊಗೆಯಂತೆ ಸುರುಳಿ ಬಿಚ್ಚುತ್ತ ನೀರಿಗಿಳಿಯುತ್ತದೆ. ಅಜ್ಜ ಯಾರಿಗೋ ಏನನ್ನೋ ಬರೆಯಲೆಂದು ತುಂಬಿಸಿಟ್ಟಿದ್ದ ಮಸಿ ಅದು. ಬರೆಯದೆ ಉಳಿದುಹೋಯಿತು. ಆ ನೀರನ್ನು ಚೆಲ್ಲುವಾಗ ಹೊಸ ಹವ್ಯಾಸಿಯ ಕೈ ಒಂದು ಕ್ಷಣ ತಡೆಯುತ್ತದೆ.

ಪೆನ್ನನ್ನು ಬಿಚ್ಚಿ ತೊಳೆದವನಿಗೆ ಅದರೊಳಗಿನ ಜಾಣತನ ಕಾಣುತ್ತದೆ. ನಿಬ್ಬಿನ ಅಡಿಯಲ್ಲಿ ನಾಲಗೆಯಂಥ ಒಂದು ತುಂಡು ಇದೆ. ಅದರ ಮೈಮೇಲೆ ಕೂದಲೆಳೆಯಂಥ ಗೀರುಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಈ ಗೀರುಗಳು ಮಸಿಯನ್ನು ಎಳೆದು ನಿಬ್ಬಿನ ಸೀಳಿಗೆ ಒಪ್ಪಿಸುತ್ತವೆ. ಆದರೆ ಹೊರಗೆ ಹೋದ ಮಸಿಯ ಜಾಗಕ್ಕೆ ಗಾಳಿ ಒಳಗೆ ಬರಲೇಬೇಕು. ಬಾರದಿದ್ದರೆ ಬರವಣಿಗೆ ನಿಂತುಹೋಗುತ್ತದೆ. ಮಿತಿಮೀರಿ ಬಂದರೆ ಮಸಿ ಸುರಿದು ಕಾಗದ ಕೆಡುತ್ತದೆ. ಈ ಕೊಡುಕೊಳುವಿಕೆಯನ್ನು ಸರಿದೂಗಿಸಲು ಅನೇಕರು ಹೆಣಗಿದರು. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ಎಡ್ಸನ್ ವಾಟರ್‌ಮನ್ ಪೇಟೆಂಟು ಪಡೆದ ಪೆನ್ನಿನಲ್ಲಿ ಅದು ನಂಬಿಕೆಗೆ ಅರ್ಹವಾಗುವಷ್ಟು ಸಾಧಿಸಿತು. ಆದರೂ ಡ್ರಾಪರಿನಿಂದ ಮಸಿ ತುಂಬಿಸುವ ಪೆನ್ನು ಬಹುಪಾಲು ಬರಿದಾದ ಮೇಲೆ ಇದ್ದಕ್ಕಿದ್ದ ಹಾಗೆ ಒಂದು ದಪ್ಪ ಹನಿಯನ್ನು ಕೆಡಹುವುದುಂಟು. ಅದನ್ನು ಶಪಿಸಿ ಫಲವಿಲ್ಲ. ಬೆರಳುಗಳ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮಸಿಯನ್ನು ನೂಕುತ್ತದೆ. ವಿಜ್ಞಾನದ ತರಗತಿಯಲ್ಲಿ ತೂಕಡಿಸಿದವನಿಗೆ ಆ ಪಾಠ ಉತ್ತರಪತ್ರಿಕೆಯ ಮೇಲೆ ಪ್ರತ್ಯಕ್ಷವಾಗುತ್ತದೆ.

ಭಾರತದಲ್ಲಿ ಪೆನ್ನಿನ ಕಥೆ ಸ್ವಾತಂತ್ರ್ಯದ ಕಥೆಯೊಡನೆ ಹೆಣೆದುಕೊಂಡಿದೆ. ಪರದೇಶದ ಬಟ್ಟೆಯನ್ನು ಬೆಂಕಿಗೆ ಹಾಕಿದವರೂ ಆ ಸುದ್ದಿಯನ್ನು ಬರೆಯಲು ಪರದೇಶದ ಪೆನ್ನನ್ನೇ ಹುಡುಕಬೇಕಾಗಿದ್ದ ಕಾಲವಿತ್ತು. ಗಾಂಧೀಜಿಯವರ ಮಾತಿನಿಂದ ಪ್ರೇರಿತರಾಗಿ ಆಂಧ್ರದ ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ಸ್ವದೇಶಿ ಪೆನ್ನನ್ನು ತಯಾರಿಸಿದರು. ಅದರಿಂದ ಬರೆದು ನೋಡಿ ಮೆಚ್ಚಿದ ಗಾಂಧೀಜಿ 1935ರಲ್ಲಿ ಅವರಿಗೆ ಪತ್ರ ಬರೆದರು. ಪೆನ್ನಿಗೆ ತಕ್ಕ ಮಸಿಯೂ ಬೇಕಲ್ಲವೆ? ಮುಂಬಯಿಯಲ್ಲಿ ದಾಂಡೇಕರ್ ಸಹೋದರರು 1931ರಲ್ಲಿಯೇ ಕುದುರೆಯ ಗುರುತಿನ ಮಸಿಪುಡಿಯನ್ನು ಮಾರತೊಡಗಿದ್ದರು; ಕುದುರೆಯ ಜಾಗಕ್ಕೆ ಒಂಟೆ ಬಂದದ್ದು ಆಮೇಲೆ. ಬಂಗಾಳದ ರಾಜಶಾಹಿಯಲ್ಲಿ ಮೈತ್ರ ಸಹೋದರರು 1934ರಲ್ಲಿ ‘ಸುಲೇಖಾ’ ಮಸಿಯನ್ನು ಆರಂಭಿಸಿದರು. ಕರ್ನಾಟಕದ ಎಷ್ಟೋ ಮಕ್ಕಳ ಅಂಗಿಯ ಜೇಬಿನ ಮೇಲೆ ನಕ್ಷೆ ಬಿಡಿಸಿದ ‘ಬ್ರಿಲ್’ ಮಸಿ ಬೆಂಗಳೂರಿನದು. ಬಾಲ್ ಪೆನ್ನು ಬಂದ ಮೇಲೆ ಈ ವೈಭವ ಇಳಿಯಿತು. ಸುಲೇಖಾದ ಕಾರ್ಖಾನೆ 1980ರ ದಶಕದ ಕೊನೆಯಲ್ಲಿ ಬಾಗಿಲು ಹಾಕಿತು. ಅದು ಪುನಃ ತೆರೆದು, 2020ರ ಹೊತ್ತಿಗೆ ಫೌಂಟನ್ ಪೆನ್ನಿನ ಮಸಿಯನ್ನು ಮತ್ತೆ ಬಾಟಲಿಗೆ ತುಂಬಿಸತೊಡಗಿದಾಗ, ಹಳೆಯ ಹೆಸರನ್ನು ಮರೆಯದಿದ್ದವರು ಅದನ್ನು ಅಕ್ಕರೆಯಿಂದ ಕೊಂಡರು.

ಮಸಿಯೆಲ್ಲ ಒಂದೇ ಎಂಬುದು ಹೊಸಬನ ಭ್ರಮೆ. ದೀಪದ ಕಾಡಿಗೆಗೆ ಅಂಟು ಬೆರೆಸಿ ಮಾಡಿದ ಮಸಿ ಶತಮಾನಗಳವರೆಗೆ ಬಾಳುತ್ತದೆ; ಆದರೆ ಚಿತ್ರ ಬಿಡಿಸುವ ಅಂಥ ಮಸಿಯನ್ನು ಫೌಂಟನ್ ಪೆನ್ನಿಗೆ ತುಂಬಿಸಿದರೆ ಅದರ ಗಂಟಲು ಕಟ್ಟಿಹೋಗುತ್ತದೆ. ಇಂದಿನ ಹೆಚ್ಚಿನ ಮಸಿಗಳು ನೀರಿನಲ್ಲಿ ಕರಗಿದ ಬಣ್ಣಗಳು. ಪೆನ್ನಿಗೆ ಇವು ಹಿತವಾದರೂ ಇವುಗಳಲ್ಲಿ ಅನೇಕವು ಬಿಸಿಲಿಗೆ ಮಾಸುತ್ತವೆ, ನೀರಿಗೆ ಕದಡುತ್ತವೆ. ಮೂರನೆಯ ಬಗೆಯದು ಕಬ್ಬಿಣದ ಮಸಿ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿದರೆ ಕಪ್ಪು ಹುಟ್ಟುತ್ತದೆ. ಆ ಕಪ್ಪು ತಕ್ಷಣ ಕಾಣುವುದಿಲ್ಲ. ಕಾಗದದ ಮೇಲೆ ಗಾಳಿ ತಾಗಿದ ಹಾಗೆಲ್ಲ ಅಕ್ಷರ ಕಪ್ಪಾಗುತ್ತ, ಕಾಗದದ ನಾರನ್ನು ಹಿಡಿದು ನಿಲ್ಲುತ್ತದೆ. ಬರೆಯುವಾಗ ಕಣ್ಣಿಗೆ ಕಾಣಲೆಂದು ಅದಕ್ಕೆ ನೀಲಿಯನ್ನು ಬೆರೆಸುತ್ತಿದ್ದರು. ನೀಲಿಗಪ್ಪು ಎಂಬ ಹೆಸರು ಬಂದದ್ದು ಹೀಗೆ. ಈಗ ಆ ಹೆಸರಿನಲ್ಲಿ ಬರುವ ಎಲ್ಲ ಬಾಟಲಿಗಳಲ್ಲಿಯೂ ಕಬ್ಬಿಣವಿರುತ್ತದೆಂದು ನಂಬಬಾರದು. ಇದ್ದರೆ ಎಚ್ಚರವೂ ಬೇಕು. ಅದರಲ್ಲಿ ಆಮ್ಲವಿರುವುದರಿಂದ ಪೆನ್ನಿನಲ್ಲಿ ಒಣಗಲು ಬಿಡಬಾರದು. ಇನ್ನು ಮೈಸೂರಿನ ಹೆಸರನ್ನು ದೇಶಕ್ಕೆಲ್ಲ ಹರಡಿದ ಮಸಿಯೊಂದಿದೆ. 1962ರಿಂದ ಚುನಾವಣೆಗಳಲ್ಲಿ ಮತದಾರರ ಬೆರಳಿಗೆ ಹಚ್ಚುತ್ತ ಬಂದಿರುವ ಆ ಮಸಿಯಲ್ಲಿರುವುದು ಬೆಳ್ಳಿಯ ಲವಣ. ಅದು ಬೆರಳಿನ ಮೇಲಿದ್ದರೇ ಚೆನ್ನ.

ಹೊಸಬನು ಕೊಳ್ಳಬೇಕಾದ ಮೊದಲ ವಸ್ತು ಎರಡನೆಯ ಪೆನ್ನಲ್ಲ, ಒಂದು ನೋಟುಪುಸ್ತಕ. ಪ್ರತಿಯೊಂದು ಮಸಿಯಿಂದಲೂ ಒಂದೇ ವಾಕ್ಯವನ್ನು ಬರೆದು, ಮಸಿಯ ಹೆಸರನ್ನೂ ತಾರೀಖನ್ನೂ ಅದರಲ್ಲಿ ನಮೂದಿಸಬೇಕು. ಅದೇ ವಾಕ್ಯವನ್ನು ಒಂದು ಬಿಡಿ ಹಾಳೆಯ ಮೇಲೆ ಬರೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ತಿಂಗಳು ಇಡಬೇಕು. ರಟ್ಟು ತೆಗೆದಾಗ ಯಾವ ಮಸಿ ಎಂಥದೆಂಬುದು ಬಯಲಾಗುತ್ತದೆ. ಅಂಗಡಿಯಲ್ಲಿ ಕಣ್ಣು ಕುಕ್ಕಿದ ಚೆಲುವೆಷ್ಟೋ ಕಿಟಕಿಯಲ್ಲಿ ಬಿಳಿಚಿಕೊಂಡಿರುತ್ತದೆ. ಚೆಲುವು ಹೆಚ್ಚಲೆಂದು ಎರಡು ಮಸಿಗಳನ್ನು ಪೆನ್ನಿನಲ್ಲಿ ಬೆರೆಸಿ ನೋಡುವ ಚಪಲವೂ ಬೇಡ. ಅವು ಒಂದನ್ನೊಂದು ಒಲ್ಲದೆ ಒಳಗೆ ಗಷ್ಟು ಕಟ್ಟಬಹುದು.

ನಿಬ್ಬಿನ ಆಯ್ಕೆಯಲ್ಲಿ ಕನ್ನಡ ಬರೆಯುವವನು ಇನ್ನೊಂದು ಮಾತನ್ನು ನೆನೆಯಬೇಕು. ದಪ್ಪ ನಿಬ್ಬು ಇಂಗ್ಲಿಷ್ ಅಕ್ಷರಗಳಿಗೆ ಗಾಂಭೀರ್ಯ ಕೊಡಬಹುದು. ಕನ್ನಡದ ಒತ್ತಕ್ಷರಗಳ ಪುಟ್ಟ ಸುಳಿಗಳು ಅದರಿಂದ ಮುಚ್ಚಿಹೋಗುತ್ತವೆ. ‘ಜ್ಞಾನ’ ಎಂದು ಬರೆದರೆ ಜ್ಞಾನವಿರುವ ಕಡೆ ಒಂದು ಮಸಿಯ ಮುದ್ದೆ ಕುಳಿತಿರುತ್ತದೆ. ಸಣ್ಣ ನಿಬ್ಬು, ಮಸಿ ಹರಡದ ಕಾಗದ, ಇವಿಷ್ಟಿದ್ದರೆ ಸಾಕು. ಚಿನ್ನದ ನಿಬ್ಬಿಗಾಗಿ ಹಂಬಲಿಸಬೇಕಾಗಿಲ್ಲ. ಕಾಗದವನ್ನು ಮುಟ್ಟುವುದು ಚಿನ್ನವಲ್ಲ, ಅದರ ತುದಿಗೆ ಬೆಸೆದಿರುವ ಗಟ್ಟಿಲೋಹದ ಹರಳು. ಉಕ್ಕಿನ ನಿಬ್ಬಿನ ತುದಿಯಲ್ಲಿಯೂ ಅಂಥದನ್ನು ಬೆಸೆಯುತ್ತಾರೆ.

ಆದರೂ ಆಸೆ ಬಿಡುವುದಿಲ್ಲ. ಒಂದು ಹತ್ತಾಗುತ್ತದೆ, ಹತ್ತು ಮೂವತ್ತಾಗುತ್ತದೆ. ಅಂಚೆಚೀಟಿಯನ್ನು ಆಲ್ಬಮ್ಮಿಗೆ ಅಂಟಿಸಿ ಮರೆತರೂ ಅದು ಮುನಿಯುವುದಿಲ್ಲ. ಪೆನ್ನು ಹಾಗಲ್ಲ. ಮಸಿ ತುಂಬಿಸಿ ಮರೆತರೆ ಮತ್ತೆ ಡ್ರಾಯರಿನ ಪೆನ್ನಿನ ಗತಿಯೇ ಅದಕ್ಕೆ. ಮೂವತ್ತು ಪೆನ್ನುಗಳಿಗೆ ಮಸಿ ತುಂಬಿಸಿ, ತಿಂಗಳಿಗೊಂದು ಪತ್ರವನ್ನೂ ಬರೆಯದವನನ್ನು ಹವ್ಯಾಸಿಯೆಂದು ಕರೆಯುವುದು ಕಷ್ಟ. ಅವನು ಉಗ್ರಾಣದ ಕಾವಲುಗಾರ. ತಿಳಿದವರು ಎರಡು ಮೂರಕ್ಕೆ ಮಾತ್ರ ಮಸಿ ತುಂಬಿಸಿ, ಉಳಿದವನ್ನು ತೊಳೆದು ಒಣಗಿಸಿಡುತ್ತಾರೆ. ಆ ಎರಡು ಮೂರರಿಂದ ದಿನವೂ ಬರೆಯುತ್ತಾರೆ.

ಬರೆಯುವುದೇನನ್ನು ಎಂಬ ಪ್ರಶ್ನೆ ಆಗ ಬರುತ್ತದೆ. ಉತ್ತರ ಕೆಲವೊಮ್ಮೆ ಅದೇ ಡ್ರಾಯರಿನ ತಳದಲ್ಲಿರುತ್ತದೆ. ದಾರ ಕಟ್ಟಿದ ಪೋಸ್ಟ್ ಕಾರ್ಡುಗಳು, ಅಜ್ಜಿಯ ಕೈಬರಹದ ಅಡುಗೆಯ ಲೆಕ್ಕ, ಯಾರದೋ ಮದುವೆಯ ಖರ್ಚಿನ ಪಟ್ಟಿ. ನೀಲಿಗಪ್ಪಿನಲ್ಲಿ ಬರೆದವು ಕಂದಿದ್ದರೂ ಓದಲು ಬರುತ್ತವೆ. ಬರಿಯ ನೀಲಿಯಲ್ಲಿ ಬರೆದವು ಮಳೆಗಾಲದ ತೇವಕ್ಕೆ ಕದಡಿ, ಅರ್ಧ ಸಾಲು ಉಳಿದು ಅರ್ಧ ಸಾಲು ಹೋಗಿವೆ. ಹವ್ಯಾಸಿ ತನ್ನ ನೋಟುಪುಸ್ತಕವನ್ನು ತಿರುವಿ, ಕಿಟಕಿಯ ಬಿಸಿಲಿಗೆ ಬೆದರದ ಮಸಿಯೊಂದನ್ನು ಆರಿಸಿ, ನೀರು ತಾಗಿಸಿ ಪರೀಕ್ಷಿಸಿ, ಪೆನ್ನಿಗೆ ತುಂಬಿಸಿಕೊಳ್ಳುತ್ತಾನೆ. ಕಾರ್ಡನ್ನು ಬೆಳಕಿಗೆ ಹಿಡಿದು, ಓದಲು ಬಂದಷ್ಟನ್ನು ನಕಲು ಮಾಡುತ್ತಾನೆ. ಓದಲು ಬಾರದ ಕಡೆ ಅಷ್ಟೇ ಅಗಲದ ಜಾಗವನ್ನು ಖಾಲಿ ಬಿಟ್ಟು, ಮನೆಯ ಹಿರಿಯರನ್ನು ಕೇಳಲು ಎದ್ದು ಹೋಗುತ್ತಾನೆ.