ಆವತ್ತು ತಿರುಗಿಸದ ಸ್ಟಿಯರಿಂಗ್

ಐವತ್ತೆಂಟನೆಯ ವಯಸ್ಸಿನಲ್ಲಿ ಕಾರು ಜಾರಿಸುವುದನ್ನು ಕಲಿಯಲು ಕೂತವನನ್ನು ಕಂಡು ಮನೆಯವರು ಏನೆಂದುಕೊಳ್ಳಬೇಕು? ಅದೂ ರಸ್ತೆಯಲ್ಲಲ್ಲ, ಮಗನ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ಮೇಜಿಗೆ ಬಿಗಿದ ಸ್ಟಿಯರಿಂಗ್ ಹಿಡಿದುಕೊಂಡು, ಲುಂಗಿಯಲ್ಲಿ!

ರಜೆಗೆ ಬಂದ ಮಗ ಬಿಟ್ಟುಹೋದ ಆಟ ಇದು. ಹೆಸರು ‘ಅಸೆಟ್ಟೊ ಕೋರ್ಸಾ’. ಇಟಲಿಯವರು 2014ರಲ್ಲಿ ಹೊರತಂದದ್ದು. (ನಮ್ಮ ಅಂಬಾಸಡರ್ ಕಾರಿನ ತಯಾರಿಕೆ ನಿಂತದ್ದೂ ಅದೇ ವರ್ಷ. ಮಗನಿಗೆ ಹೇಳಿದೆ, ಅವನಿಗೇನೂ ಅನ್ನಿಸಲಿಲ್ಲ.) ಇದರಲ್ಲಿ ಗುದ್ದಾಟ, ಹಾರಾಟಗಳಿಲ್ಲ. ಟೈರಿನ ಹಿಡಿತ ಎಷ್ಟು, ಯಾವ ಚಕ್ರದ ಮೇಲೆ ಎಷ್ಟು ಭಾರ ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸ್ಟಿಯರಿಂಗಿನೊಳಗಿನ ಮೋಟಾರಿನಿಂದ ನೇರ ಅಂಗೈಗೆ ಬರುತ್ತದೆ.

ಈ ‘ಡ್ರಿಫ್ಟ್’ ವಿದ್ಯೆಗೆ ಹೆಸರು ತಂದದ್ದು ಜಪಾನಿನ ಘಾಟಿ ರಸ್ತೆಗಳು. ಕೆಯಿಚಿ ತ್ಸುಚಿಯಾ ಎಂಬ ಚಾಲಕರು 1980ರ ದಶಕದಲ್ಲಿ ಟೊಯೋಟಾ ಎಇ 86 ಎಂಬ ಪುಟ್ಟ ಕಾರನ್ನು ತಿರುವುಗಳಲ್ಲಿ ಅಡ್ಡಡ್ಡ ಜಾರಿಸಿಕೊಂಡು ಹೋಗುತ್ತಿದ್ದರು. ನಾನೂ ಅದೇ ಕಾರನ್ನು ಆರಿಸಿಕೊಂಡೆ. ಎರಡು ವಾರ ಬುಗುರಿಯ ಹಾಗೆ ಗಿರಗಿರ ಸುತ್ತಿದ್ದೇ ಸುತ್ತಿದ್ದು.

ಪಾಠವೇನೋ ಸರಳ. ಎರಡನೇ ಗೇರಿನಲ್ಲಿ ಬಲಕ್ಕೆ ತಿರುಗಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ, ಹಿಂದಿನ ಚಕ್ರಗಳು ಹಿಡಿತ ಕಳೆದುಕೊಂಡು ಕಾರಿನ ಹಿಂಭಾಗ ಎಡಕ್ಕೆ ಸರಿಯುತ್ತದೆ. ಆಗ ಸ್ಟಿಯರಿಂಗನ್ನೂ ಎಡಕ್ಕೇ ಬಿಡಬೇಕು. ‘ಬಿಡಬೇಕು’ ಎಂದೆನಲ್ಲ, ಗುಟ್ಟು ಅಲ್ಲಿದೆ. ಮುಂದಿನ ಚಕ್ರಗಳು ತಾವಾಗಿಯೇ ಆ ಕಡೆ ಹೊರಳಲು ಹವಣಿಸುತ್ತವೆ; ನಾವು ಬೆರಳು ಸಡಿಲಿಸಿದರೆ ಸಾಕು. ನಾನೋ, ಬಿದ್ದುಹೋಗುವವನು ಬಳ್ಳಿ ಹಿಡಿದಂತೆ ಹಿಡಿಯುತ್ತಿದ್ದೆ. ಇನ್ನೊಂದು ತಪ್ಪು, ಹೆದರಿ ಕಾಲು ತೆಗೆಯುವುದು. ತೆಗೆದ ಕೂಡಲೇ ಭಾರವೆಲ್ಲ ಮುಂದಕ್ಕೆ ಬಿದ್ದು, ಹಗುರಾದ ಹಿಂಭಾಗ ಮತ್ತಷ್ಟು ಸುತ್ತುತ್ತದೆ.

ಇದನ್ನು ಮಗ ಫೋನಿನಲ್ಲಿ ವಿವರಿಸಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

2016ರ ಜುಲೈ. ಚಾರ್ಮಾಡಿ ಘಾಟಿ, ಜಡಿಮಳೆ. ಹಿಂದಿನ ಟೈರುಗಳು ಸವೆದಿದ್ದವು. ಮಳೆಗಾಲ ಮುಗಿಯಲಿ, ಬದಲಿಸೋಣ ಎಂದು ಮುಂದೂಡಿದ್ದವನು ನಾನೇ. ತಿರುವಿನ ನಡುವೆ ಗಾಬರಿಯಾಗಿ ಬ್ರೇಕ್ ಒತ್ತಿದೆ. ಹಿಂಭಾಗ ಕಿತ್ತುಕೊಂಡು ಹೋಯಿತು. ಸ್ಟಿಯರಿಂಗನ್ನು ಇದ್ದ ಹಾಗೇ ಬಿಗಿಹಿಡಿದು ಕೂತಿದ್ದೆ. ಕಾರು ಸುತ್ತಿ ಗುಡ್ಡಕ್ಕೆ ಬಡಿಯಿತು, ಪುಣ್ಯಕ್ಕೆ ಕಣಿವೆಯ ಕಡೆಗಲ್ಲ. ಪಕ್ಕದಲ್ಲಿದ್ದ ನನ್ನವಳ ಕತ್ತಿನ ಕೆಳಗಿನ ಎಲುಬು ಮುರಿಯಿತು. ಅಂದಿನಿಂದ ನಾನು ಕಾರು ಮುಟ್ಟಿಲ್ಲ. ಆಮೇಲೆ ಓಡಿಸಲು ಕಲಿತವಳು ಅವಳು. ಆ ದಿನದ ಬಗ್ಗೆ ನಾವಿಬ್ಬರೂ ಮಾತಾಡಿದ್ದೂ ಇಲ್ಲ.

ಮೊನ್ನೆ ಸಂಜೆ ಮೊದಲ ಬಾರಿಗೆ ಒಂದು ತಿರುವು ಪೂರ್ತಿ ದಕ್ಕಿತು. ಹೊಗೆ ಎಬ್ಬಿಸುತ್ತ ಕಾರು ಅಡ್ಡಡ್ಡ ಸಾಗುತ್ತಿದೆ, ಸ್ಟಿಯರಿಂಗ್ ಕೈಯೊಳಗೆ ತಾನೇ ಜಾರುತ್ತಿದೆ, ನಾನು ತಿರುವಿನ ಕೊನೆಯನ್ನೇ ನೋಡುತ್ತಿದ್ದೇನೆ. ಹಿಂದೆ ಕಾಫಿ ಲೋಟ ಹಿಡಿದು ಇವಳು ನಿಂತದ್ದು ಗೊತ್ತೇ ಆಗಿರಲಿಲ್ಲ.

“ಆವತ್ತು ಹೀಗೆ ತಿರುಗಿಸಬೇಕಾಗಿತ್ತೇನ್ರೀ?” ಎಂದಳು.

“ಹೌದು. ಬ್ರೇಕೂ ಒತ್ತಬಾರದಿತ್ತು” ಎಂದೆ.

ಲೋಟವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ನನ್ನ ಎಡಕ್ಕೆ ಕೂತಳು. “ಎಲ್ಲಿ, ಇನ್ನೊಂದು ಸಲ ತೋರಿಸಿ.”